ದುಡಿದವರ ಚರಿತ್ರೆ: ಸರ್ಕಾರಿ ವರದಿಯಿಂದ ಆತ್ಮಕಥೆಯವರೆಗೆ

ಬ್ರಿಟನ್ನಿನ ಗಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಕುರಿತ ವಿಚಾರಣಾ ಆಯೋಗದ ವರದಿ ಹೊರಬಂದದ್ದು 1842ರಲ್ಲಿ. ಗಾಳಿಬಾಗಿಲು ತೆರೆದು ಮುಚ್ಚಲು ಎಳೆಯ ಮಕ್ಕಳು ಕತ್ತಲಲ್ಲಿ ಒಬ್ಬೊಬ್ಬರೇ ದಿನವಿಡೀ ಕೂತಿರುತ್ತಿದ್ದರು. ಸೊಂಟಕ್ಕೆ ಬಿಗಿದ ಪಟ್ಟಿಗೆ ಸರಪಳಿ ಸಿಕ್ಕಿಸಿಕೊಂಡು, ಅಂಬೆಗಾಲಿಕ್ಕುತ್ತ ಹೆಂಗಸರು ಕಲ್ಲಿದ್ದಲ ಬಂಡಿ ಎಳೆಯುತ್ತಿದ್ದರು. ಅದೇ ವರ್ಷ ಬಂದ ಕಾನೂನು ಹೆಂಗಸರನ್ನೂ 10 ವರ್ಷದೊಳಗಿನ ಹುಡುಗರನ್ನೂ ಗಣಿಯೊಳಗಿನ ಕೆಲಸದಿಂದ ಬಿಡಿಸಿತು. ದುಡಿಮೆಯ ಚರಿತ್ರೆಗೆ ಇಂಥ ವರದಿಗಳೇ ಮೊದಲ ಆಕರ. ಆದರೆ ಅವುಗಳಲ್ಲಿ ಪ್ರಶ್ನೆ ಕೇಳಿದವರೂ ಉತ್ತರ ಬರೆದುಕೊಂಡವರೂ ಅಧಿಕಾರಿಗಳೇ.

ಇತಿಹಾಸಕಾರರಾದ ಹ್ಯಾಮಂಡ್ ದಂಪತಿ 1917ರ ‘ದಿ ಟೌನ್ ಲೇಬರರ್’ ಕೃತಿಯಲ್ಲಿ ಕಾರ್ಖಾನೆಯ ಕ್ರೌರ್ಯವನ್ನು ನಿಷ್ಠುರವಾಗಿ ಚಿತ್ರಿಸಿದರು. ಐವಿ ಪಿಂಚ್‌ಬೆಕ್ 1930ರಲ್ಲಿ ಮಹಿಳಾ ಕಾರ್ಮಿಕರ ಬಗ್ಗೆಯೇ ಪುಸ್ತಕ ಬರೆದು, ಕಾರ್ಖಾನೆಗಳು ಬರುವ ಮೊದಲೇ ಹೆಂಗಸರು ಹೊಲದಲ್ಲೂ ಮನೆಯ ರಾಟೆಯ ಮುಂದೆಯೂ ದುಡಿಯುತ್ತಿದ್ದುದನ್ನು ದಾಖಲಿಸಿದರು. 1963ರಲ್ಲಿ ಇ.ಪಿ. ಥಾಂಪ್ಸನ್ ಕಾರ್ಮಿಕರನ್ನು ಬರೀ ಸಂತ್ರಸ್ತರೆನ್ನದೆ ಚರಿತ್ರೆಯ ಕರ್ತೃಗಳೆಂದು ಕಂಡರು. ಆ ಚಿತ್ರದಲ್ಲಿ ಹೆಂಗಸರಿಗೆ ಸಿಕ್ಕ ಜಾಗ ಸಾಲದೆಂದು ಸ್ತ್ರೀವಾದಿ ಇತಿಹಾಸಕಾರರು ಮುಂದೆ ಆಕ್ಷೇಪಿಸಿದರು. ಲೂಯಿಸ್ ಟಿಲ್ಲಿ ಮತ್ತು ಜೋನ್ ಸ್ಕಾಟ್ 1978ರಲ್ಲಿ ಹೆಂಗಸರ ಕೂಲಿಯನ್ನು ಇಡೀ ಕುಟುಂಬದ ಬದುಕಿನ ಲೆಕ್ಕದೊಳಗಿಟ್ಟು ನೋಡಿದರು.

ಅಮೆರಿಕದ ಚರಿತ್ರೆ ವಲಸಿಗರನ್ನು ಬಿಟ್ಟು ಪೂರ್ಣವಾಗದು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದಾಗ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಸತ್ತ 146 ಮಂದಿಯಲ್ಲಿ ಹೆಚ್ಚಿನವರು ಯಹೂದಿ ಮತ್ತು ಇಟಲಿಯ ವಲಸೆ ಕುಟುಂಬಗಳ ಯುವತಿಯರು. ಲೂಯಿಸ್ ಹೈನ್ 1908ರಿಂದ ಗಿರಣಿ, ಗಣಿಗಳಲ್ಲಿ ತೆಗೆದ ಬಾಲಕಾರ್ಮಿಕರ ಫೋಟೊಗಳೂ ಆಕರಗಳಾದವು. ಹಳ್ಳಿಗಾಡಿನಿಂದ ಬಂದ ವಲಸಿಗರು ತಮ್ಮ ಹಬ್ಬ, ಬಂಧುತ್ವ, ಕೆಲಸದ ರೂಢಿಗಳನ್ನು ಕಾರ್ಖಾನೆಯ ಗಂಟೆಗೆ ಸುಲಭವಾಗಿ ಒಪ್ಪಿಸಲಿಲ್ಲ ಎಂದು ಹರ್ಬರ್ಟ್ ಗಟ್‌ಮನ್ 1973ರಲ್ಲಿ ವಾದಿಸಿದರು.

ಮತ್ತೆ ಬ್ರಿಟನ್ನಿಗೆ ಬಂದರೆ, ಮಕ್ಕಳ ವಿಷಯದಲ್ಲಿ ದೊಡ್ಡ ತಿರುವು ತಂದದ್ದು ಜೇನ್ ಹಂಫ್ರೀಸ್ ಅವರ 2010ರ ಕೃತಿ. 600ಕ್ಕೂ ಹೆಚ್ಚು ಕಾರ್ಮಿಕರ ಆತ್ಮಕಥೆಗಳನ್ನು ಓದಿದ ಅವರು, ತಂದೆಯಿಲ್ಲದ ಮನೆ, ದೊಡ್ಡ ಸಂಸಾರ, ಸಾಕಾಗದ ಕೂಲಿ ಮಕ್ಕಳನ್ನು ಹೇಗೆ ಕೆಲಸಕ್ಕೆ ತಳ್ಳಿದವೆಂದು ವಿವರಿಸಿದರು. ಆದರೆ ಅವು ಗಂಡಸರು ಬರೆದ ಆತ್ಮಕಥೆಗಳು. ಹುಡುಗಿಯರ ಬಾಲ್ಯ ಅಲ್ಲಿ ನೇರವಾಗಿ ಸಿಗದು.

ಭಾರತದಲ್ಲಿ ದೀಪೇಶ್ ಚಕ್ರವರ್ತಿ (1989) ಮತ್ತು ಸಮಿತಾ ಸೇನ್ (1999) ಬಂಗಾಳದ ಸೆಣಬಿನ ಗಿರಣಿಗಳನ್ನು ಅಧ್ಯಯನ ಮಾಡಿದರು. ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ (1998) ಮೈಸೂರು ಸಂಸ್ಥಾನದತ್ತ, ಕೋಲಾರದ ಚಿನ್ನದ ಗಣಿ ಮತ್ತು ಬೆಂಗಳೂರಿನ ಜವಳಿ ಗಿರಣಿಗಳತ್ತ ಕಣ್ಣು ಹಾಯಿಸಿತು. ಕೋಲಾರದ ಗಣಿಯಲ್ಲಿ ದುಡಿದವರಲ್ಲಿ ಬಹುಪಾಲು ಮಂದಿ ತಮಿಳು, ತೆಲುಗು ಸೀಮೆಗಳಿಂದ ಬಂದವರು.

ಆಕರ ಬದಲಾದಾಗಲೆಲ್ಲ ಈ ಚರಿತ್ರೆಯೂ ಬದಲಾಗಿದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ದುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತನ್ನು, ಅದರಲ್ಲೂ ಹೆಂಗಸರ ಮಾತನ್ನು, ಅವರವರ ಭಾಷೆಯಲ್ಲೇ ದಾಖಲಿಸುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಈಗಲೇ ಕೈಗೆತ್ತಿಕೊಳ್ಳಬೇಕು.