ಜಪಾನ್ ದೇಶದಲ್ಲಿ ಛಾಯಾಚಿತ್ರ ವಿಮರ್ಶೆ

ಕವಿಯು ಕಾವ್ಯವನ್ನು ರಚಿಸಿದ ಮಾತ್ರಕ್ಕೆ ಅದು ಪೂರ್ಣವಾಗುವುದಿಲ್ಲ. ಸಹೃದಯನು ಅದನ್ನು ಓದಿ ಆಸ್ವಾದಿಸಿದಾಗಲೇ ಅದರ ಹುಟ್ಟು ಸಾರ್ಥಕವೆಂಬುದು ನಮ್ಮ ಆಲಂಕಾರಿಕರ ಮತವು. ಛಾಯಾಚಿತ್ರಕ್ಕೂ ಈ ಮಾತು ಸಲ್ಲುವುದೆ? ಯಂತ್ರದಿಂದ ಹುಟ್ಟಿದ ಚಿತ್ರದಲ್ಲಿ ವಿಮರ್ಶಿಸತಕ್ಕದ್ದು ಏನಿದೆ? ಹೀಗೆ ಕೇಳುವವರು ಹಿಂದೆಯೂ ಇದ್ದರು, ಇಂದಿಗೂ ಇದ್ದಾರೆ. ಜಪಾನ್ ದೇಶದಲ್ಲಿ ಎರಡನೆಯ ಮಹಾಯುದ್ಧವು ಮುಗಿದ ಕೆಲವು ವರ್ಷಗಳಲ್ಲಿ ನಡೆದ ಒಂದು ಪ್ರಸಂಗವು ಆ ಪ್ರಶ್ನೆಗೆ ಉತ್ತರವಾಗಿ ನಿಂತಿದೆ.

ಚಿತ್ರಗಳನ್ನು ತೆಗೆದು ಒಬ್ಬರಿಗೊಬ್ಬರು ತೋರಿಸಿ ಚರ್ಚಿಸುವ ಪದ್ಧತಿಯು ಹೊಸದೇನೂ ಅಲ್ಲ. ಭರತಖಂಡದಲ್ಲಿಯೇ ಮುಂಬಯಿಯ ಛಾಯಾಚಿತ್ರ ಸಂಘವು 1854 ನೆಯ ಇಸವಿಯಲ್ಲಿಯೂ ಕಲ್ಕತ್ತೆಯ ಸಂಘವು 1856 ರಲ್ಲಿಯೂ ಸ್ಥಾಪಿತವಾದವು. ಆದರೆ ಆ ಗೋಷ್ಠಿಗಳ ಬಾಗಿಲು ಬಹಳ ಕಿರಿದಾಗಿದ್ದಿತು. ಗಾಜಿನ ಫಲಕಗಳೂ ರಾಸಾಯನಿಕ ದ್ರವ್ಯಗಳೂ ಸಿರಿವಂತರಿಗೆ ಮತ್ತು ಅಧಿಕಾರಿಗಳಿಗೆ ಮಾತ್ರ ಎಟಕುವಂಥವು. ಎಟಕಿದವರಿಗಾದರೂ ಸಮಾನ ಸ್ಥಾನವಿದ್ದಿತೆ? ಪ್ರಸಿದ್ಧ ವಿದ್ವಾಂಸರಾದ ರಾಜೇಂದ್ರಲಾಲ ಮಿತ್ರರು 1857 ರಲ್ಲಿ ಕಲ್ಕತ್ತೆಯ ಸಾರ್ವಜನಿಕ ಸಭೆಯೊಂದರಲ್ಲಿ ನೀಲಿ ತೋಟಗಳ ಯೂರೋಪಿಯನ್ ಒಡೆಯರನ್ನು ಖಂಡಿಸಿ ಮಾತನಾಡಿದುದೇ ಕಾರಣವಾಗಿ, ಅವರನ್ನು ಆ ಸಂಘದಿಂದ ಹೊರಹಾಕಲಾಯಿತು. ಚಿತ್ರದ ಗುಣದೋಷಕ್ಕೂ ಈ ಶಿಕ್ಷೆಗೂ ಯಾವ ಸಂಬಂಧವೂ ಇರಲಿಲ್ಲ.

ಈ ಬಾಗಿಲನ್ನು ಅಗಲ ಮಾಡಿದುದು ಫಿಲ್ಮು. ಅಮೆರಿಕೆಯ ಜಾರ್ಜ್ ಈಸ್ಟಮನ್ನರು 1888 ರಲ್ಲಿ ಹೊರತಂದ ಕೊಡಕ್ ಪೆಟ್ಟಿಗೆಯೊಳಗೆ ನೂರು ಚಿತ್ರಗಳಿಗಾಗುವಷ್ಟು ಸುರುಳಿಯಿರುತ್ತಿತ್ತು. ತೆಗೆದು ಮುಗಿಸಿದವನು ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳುಹಿಸಿದರೆ ಚಿತ್ರಗಳು ಮನೆಗೆ ಬರುತ್ತಿದ್ದವು. 1900 ರಲ್ಲಿ ಒಂದು ಡಾಲರಿನ ಬ್ರೌನಿ ಬಂದಿತು. 1925 ರಲ್ಲಿ ಜರ್ಮನಿಯ ಲೈಕಾ ಎಂಬ ಪುಟ್ಟ ಕ್ಯಾಮರಾ ಮಾರಾಟಕ್ಕೆ ಬಂದು, ಚಲಚ್ಚಿತ್ರದ ಫಿಲ್ಮಿನ ಮೇಲೆಯೇ ಮೂವತ್ತಾರು ಚಿತ್ರಗಳನ್ನು ಹಿಡಿಯುವುದು ಸಾಧ್ಯವಾಯಿತು. ಜಪಾನೀಯರು ಇದನ್ನು ಕಂಡು ಸುಮ್ಮನಿರಲಿಲ್ಲ. 1934 ರಲ್ಲಿ ಅಲ್ಲಿ ಸಿದ್ಧವಾದ ಇಂಥದೇ ಒಂದು ಯಂತ್ರದ ಮಾದರಿಗೆ ‘ಕ್ವಾನೊನ್’ ಎಂದು ಹೆಸರಿಟ್ಟರು. ಅದು ಅವಲೋಕಿತೇಶ್ವರ ಬೋಧಿಸತ್ತ್ವನಿಗೆ ಆ ದೇಶದಲ್ಲಿರುವ ಹೆಸರು. ಲೋಕವನ್ನು ಕರುಣೆಯಿಂದ ನೋಡುವವನ ನಾಮವನ್ನು ನೋಡುವ ಯಂತ್ರಕ್ಕೆ ಇಟ್ಟುದು ಬಹು ಸೊಗಸಾದ ಸಂಗತಿ! ಕೆನನ್ ಎಂಬ ಹೆಸರು ಹುಟ್ಟಿದುದು ಇದರಿಂದಲೇ.

ಆದರೆ ಆ ಕಾಲದ ಜಪಾನಿನಲ್ಲಿ ಕ್ಯಾಮರಾವು ಕರುಣೆಗಿಂತ ಹೆಚ್ಚಾಗಿ ರಾಜ್ಯದ ಸೇವೆಯಲ್ಲಿ ತೊಡಗಿದ್ದಿತು. ಸಕಾತಾ ಪಟ್ಟಣದಲ್ಲಿ 1909 ರಲ್ಲಿ ಹುಟ್ಟಿದ ಡೊಮೊನ್ ಕೆನ್ ಎಂಬವರು 1935 ರಿಂದ ಹೊರದೇಶಗಳಿಗೆ ಜಪಾನಿನ ಮಹಿಮೆಯನ್ನು ತೋರಿಸುವ ಪತ್ರಿಕೆಗಾಗಿ ಚಿತ್ರಗಳನ್ನು ತೆಗೆಯುತ್ತಿದ್ದರು. ಯುದ್ಧವು ಸೋಲಿನಲ್ಲಿ ಮುಗಿಯಿತು. ನಗರಗಳು ಬೂದಿಯಾದವು. ವಿದೇಶೀಯರ ಆಡಳಿತದಲ್ಲಿ ಪತ್ರಿಕೆಗಳಿಗೆ ನಿರ್ಬಂಧವಿದ್ದುದರಿಂದ ಹಿರೋಷಿಮಾ ನಾಗಸಾಕಿಗಳ ನಿಜಸ್ಥಿತಿಯನ್ನು ಜನರು ಚಿತ್ರಗಳಲ್ಲಿ ಚೆನ್ನಾಗಿ ಕಂಡುದು ಆ ಆಡಳಿತವು ತೀರಿದ 1952 ನೆಯ ಇಸವಿಯಲ್ಲಿ. ಅಷ್ಟರವರೆಗೆ ಸತ್ಯವು ಎಲ್ಲಿದೆಯೆಂದು ಯಾರನ್ನು ಕೇಳಬೇಕು?

ಇಂಥ ಸಮಯದಲ್ಲಿ, 1950 ರಲ್ಲಿ, ‘ಕ್ಯಾಮರಾ’ ಎಂಬ ಮಾಸಪತ್ರಿಕೆಯು ವಾಚಕರು ಕಳುಹಿಸುವ ಚಿತ್ರಗಳ ತಿಂಗಳ ಸ್ಪರ್ಧೆಗೆ ಡೊಮೊನ್‌ರನ್ನು ತೀರ್ಪುಗಾರರನ್ನಾಗಿ ನೇಮಿಸಿತು. ಕಿಮುರ ಇಹೇ ಎಂಬ ಮತ್ತೊಬ್ಬ ಪ್ರಸಿದ್ಧ ಚಿತ್ರಗ್ರಾಹಕರೂ ಈ ಚಳವಳಿಯಲ್ಲಿ ಅವರ ಜೊತೆಗೂಡಿದರು. ಸ್ಪರ್ಧೆಯೆಂಬುದು ಎಲ್ಲ ಪತ್ರಿಕೆಗಳಲ್ಲಿಯೂ ಇರುವ ಸಾಮಾನ್ಯ ಸಂಗತಿಯೇ ಸರಿ. ಡೊಮೊನ್‌ರು ಅದನ್ನು ಒಂದು ಪಾಠಶಾಲೆಯನ್ನಾಗಿ, ಕೆಲವು ವೇಳೆ ರಣರಂಗವನ್ನಾಗಿ ಪರಿವರ್ತಿಸಿದರು. ಯಾವ ಚಿತ್ರವು ಏಕೆ ಗೆದ್ದಿತು, ಯಾವುದು ಏಕೆ ಸೋತಿತು ಎಂಬುದಕ್ಕೆ ಅವರು ಕಾರಣಗಳನ್ನು ಅಚ್ಚಿನಲ್ಲಿ ಕೊಟ್ಟರು. ಕೃತಕವಾಗಿ ನಿಲ್ಲಿಸಿ ತೆಗೆಯಬೇಡಿ. ಇದ್ದುದನ್ನು ಇದ್ದಂತೆಯೇ, ಅದು ಇರುವ ಕ್ಷಣದಲ್ಲಿಯೇ ಹಿಡಿಯಿರಿ. ವಸ್ತುವಿಗೂ ಕ್ಯಾಮರಾಕ್ಕೂ ನಡುವೆ ಮತ್ತೇನೂ ಇರಬಾರದು — ಇದೇ ಅವರ ಉಪದೇಶದ ಸಾರ. ಸರಕಾರದ ಪ್ರಚಾರಕ್ಕಾಗಿ ಚಿತ್ರ ತೆಗೆದ ಅನುಭವವಿದ್ದವರಿಂದಲೇ ಈ ಮಾತು ಬಂದಿತೆಂಬುದನ್ನು ಮರೆಯಲಾಗದು. ಅವರ ನಿಷ್ಠುರತೆಗೆ ಬೆರಗಾದ ಜನರು ಅವರನ್ನು ಛಾಯಾಚಿತ್ರದ ರಾಕ್ಷಸನೆಂದು ಕರೆದರು. ಆ ಬಿರುದಿನಲ್ಲಿ ಭಯದಷ್ಟೇ ಗೌರವವೂ ಇದ್ದಿತು.

ಚಿತ್ರವನ್ನು ಕಳುಹಿಸುವವನ ಶ್ರಮವನ್ನೂ ಊಹಿಸಿಕೊಳ್ಳಬೇಕು. ತೆಗೆದ ಚಿತ್ರವು ಹೇಗೆ ಬಂದಿದೆಯೆಂಬುದು ಸುರುಳಿಯನ್ನು ದ್ರಾವಣದಲ್ಲಿ ತೊಳೆಯುವವರೆಗೆ ತಿಳಿಯದು. ಹಗಲೆಲ್ಲ ಕಾರ್ಖಾನೆಯಲ್ಲಿಯೋ ಕಚೇರಿಯಲ್ಲಿಯೋ ದುಡಿದವನು ರಾತ್ರಿ ಕತ್ತಲೆ ಕೋಣೆಯನ್ನು ಹೊಕ್ಕು, ಕೆಂಪು ದೀಪದ ಮಂದ ಬೆಳಕಿನಲ್ಲಿ ಕಾಗದದ ಮೇಲೆ ಬಿಂಬವು ಮೆಲ್ಲಗೆ ಮೂಡುವುದನ್ನು ಕಾಯಬೇಕು. ಕಪ್ಪು ಹೆಚ್ಚಾದರೆ ಮತ್ತೊಂದು ಕಾಗದ. ಅನಂತರ ಅಂಚೆ, ಆಮೇಲೆ ಮುಂದಿನ ಸಂಚಿಕೆಗಾಗಿ ನಿರೀಕ್ಷೆ. ಇಷ್ಟು ಕಾದು ಪಡೆದ ವಿಮರ್ಶೆಯನ್ನು ಯಾರೂ ಹಗುರವಾಗಿ ಓದಿ ಬಿಸಾಡುವುದಿಲ್ಲ. ಇಂದು ಕ್ಷಣಮಾತ್ರದಲ್ಲಿ ಚಿತ್ರವನ್ನು ಲೋಕಕ್ಕೆಲ್ಲ ಹಂಚಬಹುದು. ಆ ನಿರೀಕ್ಷೆಯು ಕಲಿಸುತ್ತಿದ್ದ ಪಾಠವನ್ನು ಮಾತ್ರ ಈ ವೇಗವು ಕಲಿಸಲಾರದು.

ಚಳವಳಿಯು ಬೆಳೆದಂತೆ ಅದರೊಳಗಿನ ತೊಡಕೂ ಕಾಣಿಸಿಕೊಂಡಿತು. ವಾಸ್ತವವೆಂದರೆ ದಾರಿದ್ರ್ಯವೆಂದು ತಿಳಿದ ಅನೇಕರು ಭಿಕ್ಷುಕರನ್ನೂ ಮನೆಯಿಲ್ಲದವರನ್ನೂ ಅಂಗಹೀನರಾದ ಯೋಧರನ್ನೂ ಬೆನ್ನಟ್ಟಿ ತೆಗೆದು ಪತ್ರಿಕೆಗೆ ಕಳುಹಿಸಿದರು. ಪ್ರತಿಪಕ್ಷದವರು ಇದಕ್ಕೆ ‘ಭಿಕ್ಷುಕ ಛಾಯಾಚಿತ್ರ’ವೆಂದು ಹೆಸರಿಟ್ಟು ಹಾಸ್ಯ ಮಾಡಿದರು. ಈ ಆಕ್ಷೇಪಣೆಯು ಕೇವಲ ಅಸೂಯೆಯ ಮಾತಲ್ಲ. ಹಸಿದವನ ಮುಖವನ್ನು ತೆಗೆದು ಬಹುಮಾನ ಪಡೆಯುವುದರಲ್ಲಿ ಒಂದು ಬಗೆಯ ಅನ್ಯಾಯವಿದ್ದೇ ಇದೆ. ಆದರೆ ಅವನನ್ನು ಕಂಡೂ ಕಾಣದಂತೆ ಹೂಗಳನ್ನೂ ಸರೋವರಗಳನ್ನೂ ಮಾತ್ರ ತೆಗೆಯುವುದು ಅದಕ್ಕಿಂತ ಮೇಲೆಂದು ಹೇಳುವುದಾದರೂ ಹೇಗೆ? ವಾದವು ಬೇಗನೆ ತೀರಲಿಲ್ಲ.

ಡೊಮೊನ್‌ರ ಉತ್ತರವು ಅವರ ಕೃತಿಗಳಲ್ಲಿ ದೊರೆಯಿತು. 1957 ರಲ್ಲಿ ಹಿರೋಷಿಮಾಕ್ಕೆ ಹೋದ ಅವರು ಬಾಂಬು ಬಿದ್ದು ಹನ್ನೆರಡು ವರ್ಷಗಳಾದರೂ ಗುಣವಾಗದ ಗಾಯಗಳನ್ನು ಕಂಡು, ಮರುವರ್ಷ ಅದೇ ಊರಿನ ಹೆಸರಿನ ಗ್ರಂಥವನ್ನು ಪ್ರಕಟಿಸಿದರು. 1960 ರಲ್ಲಿ ‘ಚಿಕುಹೋದ ಮಕ್ಕಳು’ ಬಂದಿತು. ಕ್ಯೂಷು ದ್ವೀಪದ ಕಲ್ಲಿದ್ದಲ ಗಣಿಗಳು ಮುಚ್ಚುತ್ತಿದ್ದುದರಿಂದ ಕೆಲಸ ಕಳೆದುಕೊಂಡವರ ಮಕ್ಕಳ ಚಿತ್ರಗಳು ಅದರಲ್ಲಿದ್ದವು. ಆ ಪುಸ್ತಕವನ್ನು ನುಣುಪು ಕಾಗದದ ಮೇಲಲ್ಲ, ಒರಟು ಕಾಗದದ ಮೇಲೆ ಅಚ್ಚುಮಾಡಿಸಿ ನೂರೇ ಯೆನ್ನಿಗೆ ಮಾರಿಸಿದರು. ಲಕ್ಷದಷ್ಟು ಪ್ರತಿಗಳು ಖರ್ಚಾದವು. ಬಡವರ ಚಿತ್ರವು ಸಿರಿವಂತರ ಕಪಾಟನ್ನು ಮಾತ್ರ ಸೇರಬಾರದೆಂಬ ಹಟವು ಇಲ್ಲಿ ಸ್ಪಷ್ಟವಾಗಿದೆ.

ಸ್ಪರ್ಧೆಯ ಫಲವಾದರೋ ಮತ್ತೊಂದು ರೀತಿಯಲ್ಲಿಯೂ ಕಾಣಿಸಿತು. ಆ ಪುಟಗಳಿಗೆ ಚಿತ್ರಗಳನ್ನು ಕಳುಹಿಸುತ್ತಿದ್ದ ಅಜ್ಞಾತ ತರುಣರಲ್ಲಿ ತೋಮಾತ್ಸು ಶೋಮೆಯ್ ಮತ್ತು ಕವಾದಾ ಕಿಕುಜಿ ಎಂಬವರೂ ಇದ್ದರು. ಮುಂದೆ ಇವರಿಬ್ಬರೂ ಜಪಾನಿನ ಛಾಯಾಚಿತ್ರ ಕಲೆಯಲ್ಲಿ ಅಗ್ರಗಣ್ಯರಾದರು. ಗುರುವಿನ ಮಾತನ್ನು ಒಪ್ಪಿದಷ್ಟೇ ಮೀರಿಯೂ ನಡೆದರು. ಇದ್ದುದನ್ನು ಇದ್ದಂತೆ ಹಿಡಿಯುವುದರಿಂದ ಮಾತ್ರ ಒಳಗಿನ ನೋವು ಕಾಣುವುದಿಲ್ಲವೆಂಬುದು ಅವರ ಚಿತ್ರಗಳೇ ಹೇಳುವ ಮಾತು. 1961 ರಲ್ಲಿ ಅಣುಬಾಂಬಿನ ವಿರೋಧಿಗಳ ಸಂಸ್ಥೆಯೊಂದು ಹಿರೋಷಿಮಾ ನಾಗಸಾಕಿಗಳ ಚಿತ್ರಗ್ರಂಥವನ್ನು ಹೊರತಂದಾಗ ಡೊಮೊನ್‌ರ ಚಿತ್ರಗಳೂ ತೋಮಾತ್ಸುರವರ ಚಿತ್ರಗಳೂ ಒಂದೇ ರಟ್ಟಿನೊಳಗೆ ಸೇರಿದವು. ತೀರ್ಪು ಕೊಟ್ಟವರೂ ತೀರ್ಪಿಗಾಗಿ ಕಾದವರೂ ಹತ್ತು ವರ್ಷಗಳಲ್ಲಿ ಪಕ್ಕಪಕ್ಕದಲ್ಲಿ ನಿಂತಂತಾಯಿತು.

ಡೊಮೊನ್‌ರಿಗೆ ಪಾರ್ಶ್ವವಾಯುವು ಬಡಿದು, 1968 ರ ಎರಡನೆಯ ಹೊಡೆತದ ತರುವಾಯ ಅವರು ಗಾಲಿಕುರ್ಚಿಯನ್ನು ಆಶ್ರಯಿಸಬೇಕಾಯಿತು. ಆದರೂ ಶಿಷ್ಯರ ನೆರವಿನಿಂದ ಪ್ರಾಚೀನ ಬೌದ್ಧ ದೇವಾಲಯಗಳನ್ನು ಸುತ್ತಿ ದೊಡ್ಡ ಕ್ಯಾಮರಾದಿಂದ ಚಿತ್ರಿಸುವುದನ್ನು ಬಿಡಲಿಲ್ಲ; ಈ ತೀರ್ಥಯಾತ್ರೆಯ ಐದು ಸಂಪುಟಗಳು 1963 ರಿಂದ 1975 ರವರೆಗೆ ಪ್ರಕಟವಾದವು. 1939 ರಲ್ಲಿ ಮೊದಲು ಕಂಡಿದ್ದ ಮುರೋಜಿ ದೇವಾಲಯವನ್ನು ಹಿಮದಲ್ಲಿ ನೋಡಬೇಕೆಂಬ ಹಂಬಲವು 1978 ರಲ್ಲಿ ನೆರವೇರಿತು. ಮರುವರ್ಷ ಮೂರನೆಯ ಹೊಡೆತದಿಂದ ಅವರ ಪ್ರಜ್ಞೆಯು ಹೋಯಿತು. ಅವರು ತಮ್ಮ ಚಿತ್ರಗಳನ್ನೆಲ್ಲ ಹುಟ್ಟೂರಾದ ಸಕಾತಾಕ್ಕೆ ಒಪ್ಪಿಸಿದ್ದರು. ಅವುಗಳಿಗಾಗಿ ಕಟ್ಟಿದ ಸಂಗ್ರಹಾಲಯವು 1983 ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಜನರು ಒಳಗೆ ಚಿತ್ರಗಳ ಮುಂದೆ ನಿಂತು ನೋಡುತ್ತ ಮಾತನಾಡುತ್ತಿದ್ದಾಗ ಡೊಮೊನ್‌ರು ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದರು. 1990 ರಲ್ಲಿ ಹಾಗೆಯೇ ತೀರಿಕೊಂಡರು.