ಬೆಕ್ಕಿನ ರಕ್ತಹೀನತೆ ಮತ್ತು ಎಳೆಯ ಕೆಂಪುಕಣಗಳ ಎಣಿಕೆ

ಬೆಕ್ಕು ತನ್ನ ಕಾಯಿಲೆಯನ್ನು ಮುಚ್ಚಿಟ್ಟುಕೊಳ್ಳುವ ಪ್ರಾಣಿ. ವಸಡು ಬಿಳಿಚಿ, ಊಟ ಬಿಟ್ಟು, ಮೂಲೆ ಸೇರುವ ಹೊತ್ತಿಗೆ ಅದರ ಕೆಂಪು ರಕ್ತಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದುಹೋಗಿರುವುದುಂಟು. ಆಗ ವೈದ್ಯರು ಮೊದಲು ಕೇಳುವ ಪ್ರಶ್ನೆ ಒಂದೇ: ಅಸ್ಥಿಮಜ್ಜೆಯು ಹೊಸ ಕಣಗಳನ್ನು ಹುಟ್ಟಿಸುತ್ತಿದೆಯೆ? ಹೌದಾದರೆ ರಕ್ತಸ್ರಾವವನ್ನೋ ಕಣಗಳ ನಾಶವನ್ನೋ ಹುಡುಕಬೇಕು. ಇಲ್ಲವಾದರೆ ಮೂತ್ರಪಿಂಡದ ದೀರ್ಘಕಾಲದ ರೋಗ, ಲ್ಯುಕೀಮಿಯಾ ವೈರಸ್, ಮಜ್ಜೆಯದೇ ರೋಗ ಇವುಗಳತ್ತ ನೋಡಬೇಕು. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಪಶುವೈದ್ಯಕೀಯ ಪ್ರಯೋಗಾಲಯವೊಂದರಲ್ಲಿ ಈ ಎಣಿಕೆಯನ್ನು ಮಾಡುತ್ತಿರುವ ನಾನು ಅದರ ವಿಧಾನವನ್ನು ಇಲ್ಲಿ ವಿವರಿಸುತ್ತೇನೆ.

ಮಜ್ಜೆಯಿಂದ ಹೊರಬಿದ್ದ ಎಳೆಯ ಕೆಂಪುಕಣಕ್ಕೆ ರೆಟಿಕ್ಯುಲೊಸೈಟ್ ಎಂದು ಹೆಸರು. ಅದರೊಳಗೆ ಹಿಮೋಗ್ಲೋಬಿನ್ ತಯಾರಿಸುವ ಆರ್‌ಎನ್‌ಎ ಇನ್ನೂ ಉಳಿದಿರುತ್ತದೆ. ಬೆಕ್ಕಿನಲ್ಲಿ ಇವು ಎರಡು ಬಗೆ. ಆರ್‌ಎನ್‌ಎ ದಟ್ಟ ಗುಂಪುಗಳಾಗಿ ಕಾಣುವಂಥವು ಅಗ್ರಿಗೇಟ್; ಬಿಡಿ ಚುಕ್ಕೆಗಳಾಗಿ ಉಳಿದಂಥವು ಪಂಕ್ಟೇಟ್. ಅಗ್ರಿಗೇಟ್ ಕಣವು ಸುಮಾರು ಒಂದು ದಿನದೊಳಗೆ ಪಂಕ್ಟೇಟ್ ಆಗುತ್ತದೆ. ಪಂಕ್ಟೇಟ್ ಆದರೋ ಹತ್ತು ದಿನ ಅಥವಾ ಇನ್ನೂ ಹೆಚ್ಚು ಕಾಲ ರಕ್ತದಲ್ಲಿ ಸುಳಿದಾಡುತ್ತದೆ. ಆದ್ದರಿಂದ ಅಗ್ರಿಗೇಟ್ ಎಣಿಕೆಯು ಮಜ್ಜೆಯ ಇಂದಿನ ದುಡಿಮೆಯನ್ನು ಹೇಳಿದರೆ, ಪಂಕ್ಟೇಟ್ ಎಣಿಕೆಯು ಕಳೆದ ವಾರದ ದುಡಿಮೆಯನ್ನು ಹೇಳುತ್ತದೆ. ರಕ್ತಹೀನತೆ ಅಲ್ಪವಾಗಿದ್ದರೆ ಪಂಕ್ಟೇಟ್ ಮಾತ್ರ ಏರುವುದೂ ಉಂಟು.

ಕೈಯಿಂದ ಎಣಿಸುವ ಕ್ರಮ ಸರಳ. ಇಡಿಟಿಎ ಸೇರಿಸಿದ ರಕ್ತಕ್ಕೆ ಅಷ್ಟೇ ಪ್ರಮಾಣದ ನ್ಯೂ ಮೆಥಿಲೀನ್ ಬ್ಲೂ ಬಣ್ಣವನ್ನು ಬೆರೆಸಿ, 10ರಿಂದ 20 ನಿಮಿಷ ಬಿಟ್ಟು, ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಲೇಪಿಸಬೇಕು. ಕಣ ಜೀವಂತವಿರುವಾಗಲೇ ಬಣ್ಣ ಒಳಹೊಕ್ಕು ಆರ್‌ಎನ್‌ಎಯನ್ನು ನೀಲಿ ಬಲೆಯಂತೆ ಒಗ್ಗೂಡಿಸುತ್ತದೆ. ಬಳಿಕ ಸೂಕ್ಷ್ಮದರ್ಶಕದಲ್ಲಿ 1000 ಕೆಂಪುಕಣಗಳನ್ನು ಎಣಿಸಿ, ಎರಡು ಬಗೆಗಳನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಬೇಕು. ಇಲ್ಲೊಂದು ಎಚ್ಚರಿಕೆ ಅಗತ್ಯ: ಹೈನ್ಜ್ ಕಾಯಗಳೂ ಇದೇ ಬಣ್ಣವನ್ನು ಹಿಡಿಯುತ್ತವೆ. ಅವು ಕಣದ ಅಂಚಿನಲ್ಲಿ ತಿಳಿನೀಲಿ ಗುಂಡುಗಳಂತೆ ಕಾಣುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಹಿಮೋಗ್ಲೋಬಿನ್ನನ್ನು ಕೆಡಿಸಿ ಇಂಥ ಕಾಯಗಳನ್ನು ಉಂಟುಮಾಡುತ್ತವೆ. ಒಗ್ಗರಣೆ ಹಾಕಿದ ಅಡುಗೆಯನ್ನು ಬೆಕ್ಕಿಗೆ ಹಾಕುವ ನಮ್ಮ ಮನೆಗಳು ಇದನ್ನು ನೆನಪಿಡಬೇಕು.

ಶೇಕಡಾವಾರು ಸಂಖ್ಯೆಯೊಂದನ್ನೇ ನಂಬುವಂತಿಲ್ಲ. ಒಂದು ಮೈಕ್ರೊಲೀಟರಿನಲ್ಲಿ 20 ಲಕ್ಷ ಕೆಂಪುಕಣಗಳಿದ್ದು ಅಗ್ರಿಗೇಟ್ ಶೇ. 4 ಇದ್ದರೆ ಒಟ್ಟು 80,000 ಆಗುತ್ತದೆ. ಕೆಂಪುಕಣಗಳು 10 ಲಕ್ಷವೇ ಇದ್ದರೆ ಅದೇ ಶೇ. 4 ಕೇವಲ 40,000. ಸುಮಾರು 50,000ಕ್ಕೆ ಮೇಲ್ಪಟ್ಟ ಅಗ್ರಿಗೇಟ್ ಎಣಿಕೆಯನ್ನು ಮಜ್ಜೆಯ ಉತ್ತರವೆಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಪ್ರತಿ ಪ್ರಯೋಗಾಲಯವೂ ತನ್ನದೇ ಮಿತಿಯನ್ನು ಮುದ್ರಿಸುತ್ತದೆ. ಮೊದಲ ಬೆಕ್ಕಿನ ಮಜ್ಜೆ ಎದ್ದಿದೆ; ಎರಡನೆಯದರದು ಸಾಲದು.

ಯಂತ್ರದ ಎಣಿಕೆಗೆ ನಮ್ಮ ನೆರೆಯಲ್ಲೇ ಬೇರಿದೆ. ಹರಿಯುವ ಕಣಗಳ ಮೇಲೆ ಬೆಳಕು ಹಾಯಿಸಿ ಅವನ್ನು ಬೇರ್ಪಡಿಸುವ ಉಪಕರಣವನ್ನು ಸ್ಟ್ಯಾನ್‌ಫರ್ಡಿನ ಲಿಯೊನಾರ್ಡ್ ಹರ್ಜೆನ್‌ಬರ್ಗ್ ತಂಡವು 1969ರಲ್ಲಿ ಪ್ರಕಟಿಸಿತು. ಬೆಕ್ಟನ್ ಡಿಕಿನ್‌ಸನ್ ಅದನ್ನು ಮಾರುಕಟ್ಟೆಗೆ ತಂದಿತು. ಆರ್‌ಎನ್‌ಎಗೆ ಅಂಟಿ ಹೊಳೆಯುವ ಥಯಜೋಲ್ ಆರೆಂಜ್ ಬಣ್ಣವು ರೆಟಿಕ್ಯುಲೊಸೈಟ್ ಎಣಿಕೆಗಾಗಿ 1986ರಲ್ಲಿ ಬಂತು. ಸಿಸ್ಮೆಕ್ಸ್, ಅಡ್ವಿಯಾ, ಪ್ರೊಸೈಟ್ ಯಂತ್ರಗಳು ಇಂದು ಸಾವಿರಾರು ಕಣಗಳನ್ನು ಕ್ಷಣಗಳಲ್ಲಿ ಓದುತ್ತವೆ. ಆದರೆ ಪಂಕ್ಟೇಟ್ ಕಣಗಳಲ್ಲಿ ಆರ್‌ಎನ್‌ಎ ಅತ್ಯಲ್ಪವಾದ್ದರಿಂದ ಯಂತ್ರವು ಹೆಚ್ಚಾಗಿ ಅಗ್ರಿಗೇಟ್‌ಗಳನ್ನೇ ಲೆಕ್ಕಿಸುತ್ತದೆ. ಫಲಿತಾಂಶ ಅನುಮಾನಾಸ್ಪದವಾದರೆ ಗಾಜಿನ ಪಟ್ಟಿಗೆ ಮರಳುವುದೇ ದಾರಿ.

ಕಾಲವನ್ನೂ ಗಮನಿಸಬೇಕು. ರಕ್ತ ಕಳೆದುಕೊಂಡ ಬಳಿಕ ಎಳೆಯ ಕಣಗಳು ರಕ್ತದಲ್ಲಿ ಕಾಣಿಸಿಕೊಳ್ಳಲು ಮೂರರಿಂದ ಐದು ದಿನ ಬೇಕು. ಎರಡನೆಯ ದಿನದ ಕಡಿಮೆ ಎಣಿಕೆಯನ್ನು ನೋಡಿ ಮಜ್ಜೆ ಸತ್ತಿತೆಂದು ತಿಳಿದು, ಬೆಕ್ಕಿಗೆ ದಯಾಮರಣ ಕೊಡಿಸುವ ಯೋಚನೆಗೆ ಬರಬಾರದು. ವರದಿ ಕೈಗೆ ಬಂದಾಗ ಮೂರು ಸಂಗತಿಗಳನ್ನು ಕೇಳಿ: ಸಂಖ್ಯೆ ಶೇಕಡಾವಾರೋ ಒಟ್ಟೋ, ಎಣಿಸಿದ್ದು ಯಾವ ಬಗೆಯನ್ನು, ಮರುಪರೀಕ್ಷೆ ಯಾವಾಗ. ಬೆಕ್ಕಿನ ಸ್ಥಿತಿ ಅವಕಾಶ ಕೊಟ್ಟರೆ, ಕೆಲವು ದಿನಗಳ ನಂತರದ ಎರಡನೆಯ ಎಣಿಕೆಯೇ ನಿಜವಾದ ಉತ್ತರ ಕೊಡುತ್ತದೆ.