ವೀರಗಲ್ಲುಗಳು: ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳ ಸಾರ್ವಜನಿಕರ ಗಮನಕ್ಕೆ

ಮಳೆ ಕಡಿಮೆಯಿರುವ ಈ ತಾಲ್ಲೂಕುಗಳಲ್ಲಿ ಕೆರೆ ಮತ್ತು ಪಶುಪಾಲನೆ ಜನಜೀವನದ ಆಧಾರವಾಗಿವೆ. ಮ್ಯಾಸಬೇಡ ಸಮುದಾಯದವರು ದೇವರ ಎತ್ತುಗಳನ್ನು ಇಂದಿಗೂ ಸಾಕುತ್ತಾರೆ.

ಸ್ವರೂಪ: ತುರುಗಳ ಅಥವಾ ಊರಿನ ರಕ್ಷಣೆಗಾಗಿ ಮಡಿದವರ ಸ್ಮರಣಾರ್ಥ ನಿಲ್ಲಿಸಿದ ಶಿಲ್ಪವೇ ವೀರಗಲ್ಲು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ಮಧ್ಯದಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ ಹಾಗೂ ಸೂರ್ಯಚಂದ್ರರು ಇರುತ್ತಾರೆ.

ಮಹತ್ವ: ಬರಹವಿಲ್ಲದ ವೀರಗಲ್ಲಿಗೆ ಅದು ನಿಂತ ಸ್ಥಳವೇ ಮುಖ್ಯ ದಾಖಲೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳು ಮೂಲ ಸ್ಥಳದಲ್ಲಿಯೇ ಉಳಿದಿದ್ದವು. 1892ರಲ್ಲಿ ಬಿ.ಎಲ್. ರೈಸ್ ಅವರು ಅವುಗಳನ್ನು ಗುರುತಿಸಿದಾಗ ಮೌರ್ಯರ ಆಳ್ವಿಕೆ ದಕ್ಷಿಣದಲ್ಲಿ ಎಲ್ಲಿಯವರೆಗೆ ಹಬ್ಬಿತ್ತೆಂದು ತಿಳಿಯಲು ಸಾಧ್ಯವಾಯಿತು.

ಸೂಚನೆ: ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮ, 1972ರ ಮೇರೆಗೆ 100 ವರ್ಷಗಳಿಗೆ ಕಡಿಮೆಯಿಲ್ಲದ ಶಿಲ್ಪವು ಪುರಾವಸ್ತುವಾಗಿರುತ್ತದೆ. ಕೆರೆಯ ಹೂಳೆತ್ತುವಾಗ, ಹೊಲ ಸಮತಟ್ಟು ಮಾಡುವಾಗ ಅಥವಾ ಪಾಯ ತೆಗೆಯುವಾಗ ಇಂತಹ ಕಲ್ಲು ದೊರೆತಲ್ಲಿ ಕೆಲಸ ನಿಲ್ಲಿಸಿ, ಕಲ್ಲನ್ನು ಕದಲಿಸದೆ, ಬಣ್ಣ ಬಳಿಯದೆ, ತಹಶೀಲ್ದಾರರಿಗೆ ಲಿಖಿತ ಮಾಹಿತಿ ನೀಡುವುದು. ಮಾಹಿತಿಯಲ್ಲಿ ಗ್ರಾಮ ಮತ್ತು ಸರ್ವೆ ನಂಬರ್ ನಮೂದಿಸಿ, ಕಲ್ಲು ಇದ್ದಂತೆಯೇ ತೆಗೆದ ಛಾಯಾಚಿತ್ರವನ್ನು ಲಗತ್ತಿಸುವುದು.